ಗೀತೆಯನ್ನು ಹಾಡಿ ಗೀತಕಾರನನ್ನು ಮರೆಯಬಹುದೆ?

ಕನ್ನಡ ನಾಡಿನ ಪಾಠಶಾಲೆಗಳಲ್ಲಿ ಓದಿದವರಿಗೆ ‘ಕರುಣಾಳು ಬಾ ಬೆಳಕೆ’ ಎಂಬ ಪ್ರಾರ್ಥನಾಗೀತವು ಅಪರಿಚಿತವಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ತಮ್ಮ ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದಲ್ಲಿ ಅದನ್ನು ಕನ್ನಡಿಗರ ಕೈಗಿತ್ತರು. ಅಂದಿನಿಂದ ಅದು ನಮ್ಮದೇ ಆಗಿಹೋಯಿತು. ಆದರೆ ಅದರ ಮೂಲವನ್ನು ಬರೆದವರು ಯಾರು, ಯಾವ ಸಂಕಟದಲ್ಲಿ ಬರೆದರು, ಇಂಗ್ಲೆಂಡಿನಲ್ಲಿ ಅದಕ್ಕೆ ಮಟ್ಟು ಹಾಕಿದವರು ಯಾರು ಎಂದು ಕೇಳಿದರೆ ವಿದ್ಯಾವಂತರಾದ ಪಟ್ಟಣಿಗರೂ ಉತ್ತರ ಹೇಳಲಾರದೆ ಸುಮ್ಮನಾಗುತ್ತಾರೆ. ಇದು ಆ ಒಂದು ಗೀತೆಗೆ ಮಾತ್ರ ಒದಗಿದ ಗತಿಯಲ್ಲ. ಲೋಕದಲ್ಲೆಲ್ಲ ಕೋಟ್ಯಂತರ ಜನರು ಹಾಡುವ ಹಳೆಯ ಕ್ರೈಸ್ತ ಕೀರ್ತನೆಗಳ ಕರ್ತೃಗಳು ಬಹುಮಟ್ಟಿಗೆ ಇದೇ ಮರೆವಿಗೆ ಪಾತ್ರರಾಗಿದ್ದಾರೆ. ಹಾಡು ಉಳಿಯಿತು, ಹಾಡು ಕಟ್ಟಿದವರು ಅಳಿದರು. ಈ ಮರೆವು ನ್ಯಾಯವಾದದ್ದೆ ಎಂಬುದನ್ನು ಇಂದು ನಮ್ಮ ವಾಚಕರೊಡನೆ ವಿಚಾರಮಾಡಬಯಸುತ್ತೇವೆ.

ಕನ್ನಡಿಗರಾದ ನಮಗೆ ಈ ಪ್ರಶ್ನೆಯನ್ನು ಎತ್ತುವ ವಿಶೇಷಾಧಿಕಾರವುಂಟು. ನಮ್ಮ ಹಿರಿಯರು ಹಾಡಿನೊಳಗೇ ಹಾಡಿದವರ ಗುರುತನ್ನು ಹೆಣೆದಿಟ್ಟರು. ಕೂಡಲಸಂಗಮದೇವನ ಹೆಸರು ಬಂದೊಡನೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನನೆಂದೊಡನೆ ಅಕ್ಕಮಹಾದೇವಿ, ಪುರಂದರವಿಠಲನೆಂದೊಡನೆ ದಾಸರು, ಕಾಗಿನೆಲೆಯ ಆದಿಕೇಶವನೆಂದೊಡನೆ ಕನಕದಾಸರು ನಮ್ಮ ಕಣ್ಣೆದುರು ನಿಲ್ಲುತ್ತಾರೆ. ಅಂಕಿತವು ದೇವರದು, ಗುರುತು ಭಕ್ತನದು. ಅಹಂಕಾರವೂ ಇಲ್ಲ, ಮರೆವೂ ಇಲ್ಲ. ಅಕ್ಷರವರಿಯದ ಮುದುಕಿಯೂ ದೇವರನಾಮವನ್ನು ಹಾಡಿ ಮುಗಿಸುವಾಗ ತಿಳಿದೋ ತಿಳಿಯದೆಯೋ ಕರ್ತೃವಿನ ಋಣವನ್ನು ಸಲ್ಲಿಸುತ್ತಾಳೆ. ಪಾಶ್ಚಾತ್ಯ ಕೀರ್ತನೆಗಳಿಗೆ ಈ ಭಾಗ್ಯವಿಲ್ಲ. ಅಲ್ಲಿ ಕರ್ತೃವಿನ ಹೆಸರು ಪುಸ್ತಕದ ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಹಾಳೆ ಹರಿದರೆ ಹೆಸರೂ ಹೋಯಿತು. ಮಟ್ಟು ಹಾಕಿದವನ ಪಾಡಂತೂ ಇನ್ನೂ ಕಷ್ಟ.

ಮೊದಲು ಹೇಳಿದ ಪ್ರಾರ್ಥನೆಯನ್ನೇ ತೆಗೆದುಕೊಳ್ಳೋಣ. 1833ನೆಯ ಇಸವಿಯಲ್ಲಿ ಆಕ್ಸ್‌ಫರ್ಡಿನ ತರುಣ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಎಂಬವರು ಸಿಸಿಲಿ ದ್ವೀಪದಲ್ಲಿ ವಿಷಮಜ್ವರಕ್ಕೆ ಸಿಕ್ಕಿ ಸಾವಿನ ಬಾಗಿಲಿನವರೆಗೂ ಹೋಗಿ ಬಂದರು. ಅನಂತರ ಕಿತ್ತಳೆಹಣ್ಣು ಸಾಗಿಸುವ ದೋಣಿಯೊಂದನ್ನೇರಿ ಪಲೆರ್ಮೊದಿಂದ ಮಾರ್ಸೇಲ್ಸ್ ಕಡೆಗೆ ಹೊರಟಾಗ ಬೊನಿಫಾಚಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ದೋಣಿ ದಿನಗಟ್ಟಲೆ ನಿಂತಲ್ಲೇ ನಿಂತಿತು. ಮನೆಯ ಹಂಬಲ, ದೇಹದ ನಿಶ್ಶಕ್ತಿ, ಮುಂದೇನೆಂಬ ಕತ್ತಲು, ಇವುಗಳ ನಡುವೆ ಆ ಪದ್ಯ ಹುಟ್ಟಿತು. ಬರೆದವರು ಅಂದು ಆಂಗ್ಲಿಕನ್ ಪಂಥದವರು. 1845ರಲ್ಲಿ ರೋಮನ್ ಕ್ಯಾಥೊಲಿಕ್ ಮತವನ್ನು ಸೇರಿ, 1879ರಲ್ಲಿ ಕಾರ್ಡಿನಲ್ ಪದವಿಗೇರಿದರು. 2019ರಲ್ಲಿ ಪೋಪರು ಅವರನ್ನು ಸಂತರೆಂದು ಸಾರಿದರು. ಆದರೂ ಆ ಪದ್ಯ ಜನರ ನಾಲಗೆಗೆ ಬಂದದ್ದು ಡರ್ಹಮ್ ನಗರದ ಜಾನ್ ಬಾಕಸ್ ಡೈಕ್ಸ್ ಎಂಬ ಪಾದ್ರಿಯು 1865ರಲ್ಲಿ ಅದಕ್ಕೆ ಮಟ್ಟು ಕಟ್ಟಿದ ಮೇಲೆ. ಜನರು ಮೆಚ್ಚಿದ್ದು ತಮ್ಮ ಪದ್ಯವನ್ನಲ್ಲ, ಡೈಕ್ಸರ ಮಟ್ಟನ್ನು ಎಂದು ನ್ಯೂಮನ್ನರೇ ಹೇಳುತ್ತಿದ್ದರೆಂದು ಪ್ರತೀತಿ. ಗಾಂಧೀಜಿಯವರು ಈ ಗೀತೆಗೆ ಮನಸೋತು, ಗುಜರಾತಿನ ಕವಿ ನರಸಿಂಹರಾವ್ ದಿವೇಟಿಯಾ ಅವರಿಂದ ಅದನ್ನು ಗುಜರಾತಿಗೆ ಇಳಿಸಿಸಿಕೊಂಡು ಆಶ್ರಮದ ಪ್ರಾರ್ಥನೆಯಲ್ಲಿ ಸೇರಿಸಿದರು. ಕಿತ್ತಳೆಹಣ್ಣಿನ ದೋಣಿಯಲ್ಲಿ ಹುಟ್ಟಿದ ಹಾಡು ಸಾಬರಮತಿಯ ತೀರಕ್ಕೂ ನಮ್ಮ ಹಳ್ಳಿಯ ಶಾಲೆಯ ಜಗುಲಿಗೂ ಬಂದುದು ಹೀಗೆ.

ಇದು ವಿದ್ವಾಂಸರ ಕೀರ್ತನೆಯಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಇನ್ನೊಂದು ಬಗೆಯ ಹಾಡು ತಲೆಯೆತ್ತಿತು. ಅದನ್ನೇ ಸುವಾರ್ತಾ ಗೀತೆಯೆಂದು ಕರೆಯುತ್ತಾರೆ. ಇದರ ಭಾಷೆ ಸರಳ. ಮಟ್ಟು ಒಮ್ಮೆ ಕೇಳಿದರೆ ನೆನಪಿನಲ್ಲಿ ನಿಲ್ಲುವಂಥದು. ಪ್ರತಿಯೊಂದು ಚರಣದ ಕೊನೆಗೂ ನಮ್ಮ ಪಲ್ಲವಿಯಂತೆ ಮರಳಿ ಮರಳಿ ಬರುವ ಸಾಲುಗಳುಂಟು. ಓದುಬರಹವಿಲ್ಲದ ಕೂಲಿಕಾರನೂ ಪಲ್ಲವಿಯಲ್ಲಿ ದನಿಗೂಡಿಸಬಹುದು. ನಮ್ಮ ಭಜನೆಯ ಗುಟ್ಟೂ ಇದೇ ಅಲ್ಲವೆ? ಭಾನುವಾರದ ಮಕ್ಕಳ ಶಾಲೆಗಳಲ್ಲಿ ಮೊಳೆತ ಈ ಶೈಲಿಯನ್ನು ಲೋಕಪ್ರಸಿದ್ಧಗೊಳಿಸಿದವರು ಡ್ವೈಟ್ ಮೂಡಿ ಎಂಬ ಉಪದೇಶಕರೂ ಅವರ ಜೊತೆಗಾರ ಐರಾ ಸ್ಯಾಂಕಿಯವರೂ. ಸ್ಯಾಂಕಿಯವರು ಪೆನ್ಸಿಲ್ವೇನಿಯಾದಲ್ಲಿ ಸರಕಾರದ ತೆರಿಗೆ ಇಲಾಖೆಯ ನೌಕರರಾಗಿದ್ದವರು. ಅಧಿಕಾರಿಗಳಾದ ನಮ್ಮ ವಾಚಕರು ಇದನ್ನು ಗಮನಿಸಬಹುದು! 1870ರಲ್ಲಿ ಮೂಡಿಯವರು ಅವರ ಕಂಠವನ್ನು ಕೇಳಿ ನೌಕರಿಯನ್ನು ಬಿಡಿಸಿದರು. 1873ರಲ್ಲಿ ಇಬ್ಬರೂ ಬ್ರಿಟನ್ನಿಗೆ ಹೋದರು. ಅಲ್ಲಿ ಅವರು ಹೊರಡಿಸಿದ ಸಣ್ಣ ಹಾಡಿನ ಪುಸ್ತಕವು ಬೆಳೆಬೆಳೆಯುತ್ತ 1903ರ ವೇಳೆಗೆ 1200 ಗೀತೆಗಳ ಹೊತ್ತಿಗೆಯಾಯಿತು.

ಆ ಪ್ರವಾಸದ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. 1874ರಲ್ಲಿ ಗ್ಲಾಸ್ಗೋದಿಂದ ಎಡಿನ್‌ಬರೋ ನಗರಕ್ಕೆ ರೈಲಿನಲ್ಲಿ ಹೋಗುತ್ತಿದ್ದಾಗ ಸ್ಯಾಂಕಿಯವರು ವೃತ್ತಪತ್ರಿಕೆಯ ಮೂಲೆಯಲ್ಲಿದ್ದ ಪದ್ಯವೊಂದನ್ನು ಕತ್ತರಿಸಿ ಇಟ್ಟುಕೊಂಡರು. ತಪ್ಪಿಹೋದ ಒಂದು ಕುರಿಯನ್ನು ಹುಡುಕಿಕೊಂಡು ಹೊರಡುವ ಕುರುಬನ ಕಥೆಯನ್ನು ಕುರಿತ ಪದ್ಯ ಅದು. ಸಭೆಯ ಕೊನೆಯಲ್ಲಿ ಮೂಡಿಯವರು ತಕ್ಕ ಹಾಡೊಂದನ್ನು ಹೇಳಿರೆಂದು ಥಟ್ಟನೆ ಕೇಳಿದಾಗ ಸ್ಯಾಂಕಿಯವರು ಆ ತುಣುಕನ್ನು ಎದುರಿಗಿಟ್ಟುಕೊಂಡು, ವಾದ್ಯದ ಮನೆಗಳ ಮೇಲೆ ಬೆರಳಿಟ್ಟು, ಅಲ್ಲಿಯೇ ಮಟ್ಟು ಕಟ್ಟುತ್ತ ಹಾಡಿ ಮುಗಿಸಿದರು. ಪದ್ಯವನ್ನು ಬರೆದವರು ಸ್ಕಾಟ್ಲೆಂಡಿನ ಎಲಿಜಬೆತ್ ಕ್ಲೆಫೇನ್ ಎಂಬ ಮಹಿಳೆ. ಆದರೆ ಆಕೆ 1869ರಲ್ಲಿಯೇ ಮೃತರಾಗಿದ್ದರು. ಸಾವಿರಾರು ಜನರ ಕಣ್ಣಲ್ಲಿ ನೀರು ತರಿಸಿದ ತನ್ನ ಹಾಡನ್ನು ಆಕೆ ಒಂದು ಸಲವೂ ಕೇಳಲಿಲ್ಲ!

ಇದಕ್ಕಿಂತ ವಿಚಿತ್ರವಾದದ್ದು ಜೋಸೆಫ್ ಸ್ಕ್ರಿವೆನ್ ಎಂಬ ಐರಿಷ್ ಗೃಹಸ್ಥರ ಕಥೆ. ಮದುವೆಯ ಮುನ್ನಾದಿನ ವಧು ನೀರಿನಲ್ಲಿ ಮುಳುಗಿ ಸತ್ತಳು. ಆತ ಊರು ಬಿಟ್ಟು ಕೆನಡಕ್ಕೆ ಹೋಗಿ ಬಡವರ ಸೇವೆಯಲ್ಲಿ ನಿಂತರು. ದೂರದಲ್ಲಿ ಕಾಯಿಲೆಯಿಂದಿದ್ದ ತಾಯಿಯ ಸಮಾಧಾನಕ್ಕೆಂದು 1855ರಲ್ಲಿ ಪದ್ಯವೊಂದನ್ನು ಬರೆದು ಕಳುಹಿಸಿದರು. ಯೇಸುವನ್ನು ಗೆಳೆಯನೆಂದು ಕರೆಯುವ ಆ ಹಾಡು, ವಕೀಲರೂ ಸಂಗೀತಗಾರರೂ ಆಗಿದ್ದ ಚಾರ್ಲ್ಸ್ ಕನ್ವರ್ಸ್ ಅವರು 1868ರಲ್ಲಿ ಮಟ್ಟು ಹಾಕಿದ ಮೇಲೆ ಲೋಕವನ್ನೆಲ್ಲ ಸುತ್ತಿತು. ಆದರೆ ಬಹುಕಾಲ ಅದನ್ನು ಬೇರೊಬ್ಬ ಪ್ರಸಿದ್ಧ ಕವಿಯ ಕೃತಿಯೆಂದೇ ಜನರು ನಂಬಿದ್ದರು. ಸ್ಕ್ರಿವೆನ್ನರು 1886ರಲ್ಲಿ ತಾವೂ ನೀರಿನಲ್ಲಿಯೇ ಮುಳುಗಿ ತೀರಿಕೊಂಡರು. ದುಃಖ ಅವರದು, ಹಾಡು ಅವರದು, ಹೆಸರು ಮಾತ್ರ ಇನ್ನೊಬ್ಬರದು!

ಈ ಗೀತಕಾರರ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನೆನೆಯತಕ್ಕವರು ಫ್ಯಾನಿ ಕ್ರಾಸ್ಬಿ ಎಂಬ ಮಾತೆ. 1820ರ ಮಾರ್ಚಿಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಹಳ್ಳಿಯೊಂದರಲ್ಲಿ ಹುಟ್ಟಿದ ಆಕೆ ಎಳೆಗೂಸಾಗಿರುವಾಗಲೇ ದೃಷ್ಟಿ ಕಳೆದುಕೊಂಡರು. ಬಾಲ್ಯದಲ್ಲಿಯೇ ಬೈಬಲಿನ ಅಧ್ಯಾಯಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದರು. ನಮ್ಮ ಹಳೆಯ ವೇದಪಾಠಶಾಲೆಗಳಲ್ಲಿ ಕಂಠಸ್ಥ ಮಾಡಿದವರಿಗೆ ಆ ಶ್ರಮದ ಬೆಲೆ ತಿಳಿದೀತು. ನ್ಯೂಯಾರ್ಕಿನ ಅಂಧರ ವಿದ್ಯಾಶಾಲೆಯಲ್ಲಿ ಓದಿ, ಅಲ್ಲಿಯೇ ಉಪಾಧ್ಯಾಯಿನಿಯಾಗಿ, 1858ರಲ್ಲಿ ತಮ್ಮಂತೆಯೇ ಅಂಧರಾದ ಸಂಗೀತಗಾರರೊಬ್ಬರನ್ನು ಮದುವೆಯಾದರು. 1864ರಲ್ಲಿ ವಿಲಿಯಂ ಬ್ರ್ಯಾಡ್‌ಬರಿ ಎಂಬ ರಾಗಸಂಯೋಜಕರ ಪರಿಚಯವಾದ ಮೇಲೆ ಆಕೆ ಕೀರ್ತನರಚನೆಗೆ ತೊಡಗಿದರು. ಆಗ ವಯಸ್ಸು ನಲವತ್ತನಾಲ್ಕು. ಅಲ್ಲಿಂದ ಮುಂದಕ್ಕೆ ಅರ್ಧ ಶತಮಾನದಲ್ಲಿ ಆಕೆ ರಚಿಸಿದ ಗೀತೆಗಳ ಸಂಖ್ಯೆ 8000ಕ್ಕೂ ಮಿಕ್ಕದ್ದು. ಕಾಗದವಿಲ್ಲ, ಲೇಖನಿಯಿಲ್ಲ, ಪದ್ಯವನ್ನೆಲ್ಲ ಮನಸ್ಸಿನಲ್ಲಿಯೇ ಕಟ್ಟಿ, ತಿದ್ದಿ, ಆಮೇಲೆ ಬರೆದುಕೊಳ್ಳುವವರಿಗೆ ಹೇಳುತ್ತಿದ್ದರು.

ಮಟ್ಟು ಮೊದಲು, ಮಾತು ಆಮೇಲೆ ಎಂಬುದು ಆಕೆಯ ಅನೇಕ ಗೀತೆಗಳ ಕ್ರಮವಾಗಿತ್ತು. ಮರಗೆಲಸದ ಯಂತ್ರಗಳನ್ನು ತಯಾರಿಸುತ್ತಿದ್ದ ಸಿನ್ಸಿನಾಟಿಯ ಸಾಹುಕಾರ ವಿಲಿಯಂ ಹವರ್ಡ್ ಡೋನ್ ಅವರು 1868ರಲ್ಲಿ ಒಂದು ದಿನ ಬಂದು, ರೈಲಿಗೆ ನಲವತ್ತೇ ನಿಮಿಷವಿದೆಯೆಂದು ಹೇಳಿ, ಹೊಸ ಮಟ್ಟೊಂದನ್ನು ನುಡಿಸಿದರಂತೆ. ರೈಲು ಹೊರಡುವುದರೊಳಗೆ ಗೀತೆ ಸಿದ್ಧವಾಗಿತ್ತು. 1873ರಲ್ಲಿ ಫೀಬಿ ನ್ಯಾಪ್ ಎಂಬ ಗೆಳತಿ ತಾವು ರಚಿಸಿದ ಮಟ್ಟನ್ನು ನುಡಿಸಿ, ಇದು ಏನು ಹೇಳುತ್ತದೆಯೆಂದು ಕೇಳಿದಾಗ ಹುಟ್ಟಿದ ಗೀತೆಯನ್ನು ಇಂದಿಗೂ ಲೋಕದ ಎಲ್ಲ ಖಂಡಗಳಲ್ಲಿ ಹಾಡುತ್ತಾರೆ.

ಇಷ್ಟಕ್ಕೆ ಆಕೆಗೆ ದೊರೆತದ್ದೇನು? ಒಂದು ಗೀತೆಗೆ ಒಂದೋ ಎರಡೋ ಡಾಲರು. ಅದನ್ನು ಕೊಟ್ಟಮೇಲೆ ಗೀತೆಯ ಸ್ವಾಮ್ಯವೆಲ್ಲ ಪ್ರಕಾಶಕರಿಗೆ. ಹಾಡಿನ ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾದವು. ಹಾಡು ಕಟ್ಟಿದಾಕೆ ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಬಾಡಿಗೆಯ ಕೋಣೆಗಳಲ್ಲಿ ಬದುಕಿದರು. ಒಂದೇ ಪುಸ್ತಕದಲ್ಲಿ ಒಬ್ಬರ ಹೆಸರೇ ಮತ್ತೆ ಮತ್ತೆ ಕಾಣದಿರಲೆಂದು ಆಕೆಯ ಗೀತೆಗಳು ನೂರಾರು ಕಲ್ಪಿತನಾಮಗಳಲ್ಲಿ ಅಚ್ಚಾದವು. ನಮ್ಮ ದಾಸರು ಒಂದು ಅಂಕಿತದಲ್ಲಿ ಸಾವಿರ ಪದಗಳನ್ನು ಹಾಡಿದರು. ಈ ತಾಯಿ ನೂರಾರು ಹೆಸರುಗಳಲ್ಲಿ ತನ್ನನ್ನು ಹಂಚಿಕೊಂಡು ಕರಗಿಹೋದಳು. ಹಣ ಬಂದರೂ ಆಕೆ ಕೂಡಿಡಲಿಲ್ಲ. ಕುಡಿತದಿಂದ ಕೆಟ್ಟವರ, ನಿರ್ಗತಿಕರ ಆಶ್ರಯಸ್ಥಾನಗಳಲ್ಲಿ ಸೇವೆ ಮಾಡುತ್ತ ಅಲ್ಲಿಯೇ ವೆಚ್ಚಮಾಡಿದರು. ಆಕೆ ದೂರಲಿಲ್ಲವೆಂಬುದು ನಿಜ. ಆದರೆ ದೂರದವರಿಗೆ ಕೊಡಬೇಕಾದುದನ್ನು ಕೊಡಬೇಕಾಗಿಲ್ಲವೆಂಬ ಧರ್ಮಶಾಸ್ತ್ರವು ಯಾವ ಮತದಲ್ಲಿಯೂ ಇಲ್ಲ. ಭಕ್ತರ ನಿರ್ಲೋಭವನ್ನು ವ್ಯಾಪಾರಿಗಳು ತಮ್ಮ ಲಾಭದ ಲೆಕ್ಕಕ್ಕೆ ಜಮೆ ಹಿಡಿದುಕೊಳ್ಳುವುದು ನ್ಯಾಯವಲ್ಲ. 1915ರ ಫೆಬ್ರವರಿಯಲ್ಲಿ ತೊಂಬತ್ತೈದನೆಯ ವರ್ಷ ತುಂಬುವುದಕ್ಕೆ ಕೆಲವು ವಾರಗಳ ಮುಂಚೆ ಆಕೆ ದೇಹವಿಟ್ಟರು. ಮೂಡಿ–ಸ್ಯಾಂಕಿಯವರು ತಮ್ಮ ಪುಸ್ತಕದ ಹುಟ್ಟುವಳಿಯನ್ನು ತಾವು ಮುಟ್ಟದೆ ಧರ್ಮದರ್ಶಿಗಳಿಗೊಪ್ಪಿಸಿ ಬಡಮಕ್ಕಳ ವಿದ್ಯಾಶಾಲೆಗಳಿಗೆ ವಿನಿಯೋಗಿಸಿದರೆಂಬುದನ್ನೂ ಇಲ್ಲಿ ಹೇಳುವುದು ಧರ್ಮ.

ಇನ್ನು ಈ ಗೀತೆಗಳ ಸುತ್ತ ಹಬ್ಬಿರುವ ಕಥೆಗಳ ವಿಚಾರ. ಷಿಕಾಗೋ ನಗರದ ವಕೀಲ ಹೊರೇಷಿಯೊ ಸ್ಪಾಫರ್ಡ್ ಅವರಿಗೆ 1871ರ ಮಹಾ ಅಗ್ನಿಯಿಂದ ದೊಡ್ಡ ನಷ್ಟವಾಯಿತು. 1873ರ ನವೆಂಬರಿನಲ್ಲಿ ಅವರ ಪತ್ನಿಯೂ ನಾಲ್ಕು ಮಂದಿ ಹೆಣ್ಣುಮಕ್ಕಳೂ ಯೂರೋಪಿಗೆ ಹೋಗುತ್ತಿದ್ದ ಹಡಗು ನಡುಕಡಲಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. 226 ಮಂದಿ ಸತ್ತರು. ನಾಲ್ಕು ಮಕ್ಕಳೂ ಹೋದರು, ತಾಯಿಯೊಬ್ಬಳೇ ಉಳಿದಳು. ‘ನನ್ನ ಆತ್ಮ ಕ್ಷೇಮ’ವೆಂಬ ಭಾವದ ಪ್ರಸಿದ್ಧ ಗೀತೆಯನ್ನು ಸ್ಪಾಫರ್ಡರು ಆ ಸಮುದ್ರದ ಮೇಲೆಯೇ ಬರೆದರೆಂದು ಅವರ ಮಗಳು ಹೇಳಿದ್ದಾರೆ, 1876ರಲ್ಲಿ ಷಿಕಾಗೋದ ಮನೆಯಲ್ಲಿ ಬರೆದರೆಂದು ಸ್ಯಾಂಕಿಯವರು ಹೇಳಿದ್ದಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಮಕ್ಕಳು ಹೋದ ಮೇಲೆ ಬರೆದ ಮಾತು ಅದು. ಅದರ ತೂಕ ಕಡಮೆಯಾಗದು. ಮಟ್ಟು ಹಾಕಿದ ಫಿಲಿಪ್ ಬ್ಲಿಸ್ ಅವರು ಅದಕ್ಕೆ ಆ ಮುಳುಗಿದ ಹಡಗಿನ ಹೆಸರನ್ನೇ ಇಟ್ಟರು. ಅದೇ 1876ರ ಡಿಸೆಂಬರ್ 29ರಂದು ಓಹಾಯೋ ಸಂಸ್ಥಾನದ ಆಷ್ಟಬ್ಯೂಲದಲ್ಲಿ ರೈಲ್ವೆ ಸೇತುವೆ ಕುಸಿದು ಬಂಡಿಗಳು ಹಿಮಗಟ್ಟಿದ ನದಿಗೆ ಬಿದ್ದು ಹತ್ತಿ ಉರಿದಾಗ, ಮೂವತ್ತೆಂಟು ವರ್ಷದ ಬ್ಲಿಸ್ಸರೂ ಅವರ ಪತ್ನಿಯೂ ಮೃತರಾದರು.

ಕಥೆಯು ಭಕ್ತಿಯನ್ನು ಬೆಳೆಸುತ್ತದೆ. ಆದರೆ ಸತ್ಯವನ್ನು ನುಂಗಿದ ಕಥೆ ಭಕ್ತಿಗೂ ಕೇಡು. ಇದಕ್ಕೆ ಜಾನ್ ನ್ಯೂಟನ್ ಅವರ ಚರಿತ್ರೆಗಿಂತ ಉತ್ತಮವಾದ ದೃಷ್ಟಾಂತ ಬೇರೆ ಬೇಕಿಲ್ಲ. ‘ಅಮೇಜಿಂಗ್ ಗ್ರೇಸ್’ ಎಂಬ ಕೀರ್ತನೆಯನ್ನು ಕೇಳದವರು ಪ್ರಪಂಚದಲ್ಲಿ ಕಡಮೆ. ಅದರ ಕರ್ತೃ ಗುಲಾಮರನ್ನು ಸಾಗಿಸುವ ಹಡಗಿನವನಾಗಿದ್ದು, ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿ, ಆ ಕ್ಷಣವೇ ಆ ಪಾಪದ ವ್ಯಾಪಾರವನ್ನು ಬಿಟ್ಟು ಈ ಹಾಡನ್ನು ಬರೆದನೆಂದು ಜನರು ಹೇಳುತ್ತಾರೆ. ಬೇಡನು ವಾಲ್ಮೀಕಿಯಾದ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಬಲುಬೇಗ ಹಿಡಿಸುತ್ತದೆ. ಆದರೆ ನಡೆದದ್ದು ಹಾಗಲ್ಲ.

ಬಿರುಗಾಳಿ ಬಂದದ್ದು 1748ರಲ್ಲಿ. ಅದಾದ ಮೇಲೆ ನ್ಯೂಟನ್ನರು ಗುಲಾಮರ ಹಡಗಿನಲ್ಲಿ ಅಧಿಕಾರಿಯಾದರು. 1750ರಿಂದ 1754ರವರೆಗೆ ಸ್ವತಃ ಕಪ್ತಾನರಾಗಿ ಮೂರು ಯಾತ್ರೆಗಳನ್ನು ಮಾಡಿದರು. ಹಡಗಿನ ಮೇಲೆ ಪ್ರಾರ್ಥನೆ, ಹಡಗಿನ ಕೆಳಗೆ ಸಂಕೋಲೆಯಲ್ಲಿ ನರಳುವ ಆಫ್ರಿಕದ ಜನ! ಕಡಲಿನ ಕೆಲಸ ಬಿಟ್ಟದ್ದೂ ಅಂತಃಕರಣದ ಕರೆಗಲ್ಲ, ಕಾಯಿಲೆಯ ಕಾರಣಕ್ಕೆ. ಅನಂತರ ಲಿವರ್‌ಪೂಲಿನ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದು, 1764ರಲ್ಲಿ ಓಲ್ನಿ ಎಂಬ ಸಣ್ಣ ಊರಿನ ಪಾದ್ರಿಯಾದರು. ಆ ಕೀರ್ತನೆ 1773ರ ಜನವರಿ 1ರ ಉಪದೇಶಕ್ಕಾಗಿ ರಚಿತವಾದದ್ದು. 1779ರಲ್ಲಿ ಅದು ಅಚ್ಚಾದ ಪುಸ್ತಕದಲ್ಲಿ 348 ಕೀರ್ತನೆಗಳುಂಟು. ಅವುಗಳಲ್ಲಿ ಅರುವತ್ತಕ್ಕೂ ಮಿಕ್ಕವು ನ್ಯೂಟನ್ನರ ನೆರೆಯವರಾದ ಕವಿ ವಿಲಿಯಂ ಕೂಪರ್ ಅವರವು. ಗುಲಾಮರ ವ್ಯಾಪಾರದ ಘೋರವನ್ನು ಬಯಲಿಗೆಳೆದು ತಮ್ಮ ಪಾಪವನ್ನು ಬಹಿರಂಗವಾಗಿ ಒಪ್ಪಿಕೊಂಡ ನ್ಯೂಟನ್ನರ ಕಿರುಹೊತ್ತಗೆ ಹೊರಬಂದುದು 1788ರಲ್ಲಿ, ಎಂದರೆ ಬಿರುಗಾಳಿಯ ನಲವತ್ತು ವರ್ಷಗಳ ತರುವಾಯ. ಆಮೇಲೆ ಅವರು ಹಿಂದೆಗೆಯಲಿಲ್ಲ. ಪಾರ್ಲಿಮೆಂಟಿನ ಮುಂದೆ ಸಾಕ್ಷಿ ನುಡಿದರು. ವಿಲ್ಬರ್‌ಫೋರ್ಸರ ಹೋರಾಟಕ್ಕೆ ಬೆಂಬಲವಾದರು. 1807ರಲ್ಲಿ ಆ ವ್ಯಾಪಾರವನ್ನು ನಿಷೇಧಿಸಿದ ಶಾಸನವಾದುದನ್ನು ಕಂಡು ಅದೇ ವರ್ಷದ ಡಿಸೆಂಬರಿನಲ್ಲಿ ಕಣ್ಮುಚ್ಚಿದರು.

ಈ ನಿಜವು ಕಟ್ಟುಕಥೆಗಿಂತ ಕೆಳಮಟ್ಟದ್ದೆ? ನಮ್ಮ ಅಭಿಪ್ರಾಯ ಹಾಗಿಲ್ಲ. ಒಂದು ರಾತ್ರಿಯಲ್ಲಿ ಪಾಪಿಯು ಪುಣ್ಯಾತ್ಮನಾದನೆಂದರೆ ಕೇಳಿದವರು ಕೈಮುಗಿದು ಮನೆಗೆ ಹೋಗುತ್ತಾರೆ. ದೇವರನ್ನು ನಂಬಿಯೂ ಮನುಷ್ಯನನ್ನು ಮಾರುತ್ತಿದ್ದವನು, ತನ್ನ ಕಾಲದ ಎಲ್ಲ ಮರ್ಯಾದಸ್ಥರೂ ಒಪ್ಪಿದ ಅನ್ಯಾಯವನ್ನು ಅನ್ಯಾಯವೆಂದು ಕಾಣಲು ನಲವತ್ತು ವರ್ಷ ತೆಗೆದುಕೊಂಡನೆಂದರೆ, ಕೇಳಿದವನು ತನ್ನ ಎದೆಯನ್ನೇ ಮುಟ್ಟಿನೋಡಿಕೊಳ್ಳಬೇಕಾಗುತ್ತದೆ. ದೇವರ ಮುಂದೆ ದೀಪ ಹಚ್ಚಿ ಬಾವಿಯ ಬಳಿ ಅಸ್ಪೃಶ್ಯತೆಯನ್ನು ಆಚರಿಸಿದ ಜನ ನಾವು. ನ್ಯೂಟನ್ನರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ. ಅವರಿಂದ ಕಲಿಯುವ ಅವಕಾಶ ಮಾತ್ರ ಉಂಟು. ಹಾಗೆಯೇ ಆ ಕೀರ್ತನೆಯ ಈಗಿನ ಮಟ್ಟು 1835ರಲ್ಲಿ ಅಮೆರಿಕದ ವಿಲಿಯಂ ವಾಕರ್ ಅವರು ಜೋಡಿಸಿದ್ದೆಂಬುದನ್ನೂ, ಇಂದು ಹಾಡುವ ಕೊನೆಯ ಚರಣವು ನ್ಯೂಟನ್ನರದೇ ಅಲ್ಲವೆಂಬುದನ್ನೂ ತಿಳಿದುಕೊಳ್ಳಬೇಕು.

ಗುಲಾಮರನ್ನು ಸಾಗಿಸಿದವನ ಹಾಡಿನ ಪಕ್ಕದಲ್ಲಿಯೇ ಗುಲಾಮರ ಮಕ್ಕಳ ಹಾಡನ್ನೂ ಇಟ್ಟು ನೋಡಬೇಕು. ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ ಎಂಬವರು 1851ರಲ್ಲಿ ಮೇರಿಲೆಂಡಿನಲ್ಲಿ ಹುಟ್ಟಿದರು, ತಂದೆ ಗುಲಾಮ. ತಾವೇ ಅಕ್ಷರ ಕಲಿತು, ಫಿಲಡೆಲ್ಫಿಯದ ಚರ್ಚೊಂದರಲ್ಲಿ ಕಸಗುಡಿಸುವ ಕೆಲಸ ಮಾಡಿ, ಮುಂದೆ ಅದೇ ಸಭೆಗೆ ಪಾದ್ರಿಯಾಗಿ ಬಂದರು. ‘ಒಂದು ದಿನ ಗೆಲ್ಲುವೆನು’ ಎಂಬ ಅರ್ಥದ ಅವರ ಗೀತೆ 1901ರಲ್ಲಿ ಅಚ್ಚಾಯಿತು. ಅಮೆರಿಕದ ಕರಿಯರು ಸಮಾನ ಹಕ್ಕಿಗಾಗಿ ನಡೆಸಿದ ಹೋರಾಟದ ಮಹಾಗೀತೆಗೆ ಇದೊಂದು ಮೂಲವೆಂದು ಅನೇಕರು ಹೇಳುತ್ತಾರೆ. ಮಟ್ಟು ಬೇರೆಯಾದುದರಿಂದ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆ ಹೋರಾಟದ ಗೀತೆಯೇ ಗಿರಿಜಾಕುಮಾರ ಮಾಥುರರ ಹಿಂದಿಯಲ್ಲಿ ನಮ್ಮ ದೇಶದ ಶಾಲೆಗಳಿಗೆಲ್ಲ ಬಂತು. ಕನ್ನಡದಲ್ಲಿಯೂ ಮೆರವಣಿಗೆಗಳಲ್ಲಿ ಕೇಳಿಬರುತ್ತದೆ. ಅದರ ಗ್ರಂಥಸ್ವಾಮ್ಯದ ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ, 2018ರಲ್ಲಿ ರಾಜಿಯಾಗಿ, ಹಾಡು ಸರ್ವಜನರ ಸ್ವತ್ತಾಯಿತು.

ಟಿಂಡ್ಲಿಯವರ ತರುವಾಯದ ತಲೆಮಾರಿನ ತಾಮಸ್ ಡಾರ್ಸಿಯವರು (1899–1993) ಮೊದಲಿಗೆ ಮೋಜಿನ ಮನೆಗಳಲ್ಲಿ ಪಿಯಾನೊ ನುಡಿಸುತ್ತಿದ್ದವರು. ಆ ಧಾಟಿಯನ್ನು ದೇವರ ಹಾಡಿಗೆ ತಂದಾಗ ಷಿಕಾಗೋದ ಮರ್ಯಾದಸ್ಥ ಚರ್ಚುಗಳು ಬಾಗಿಲು ಮುಚ್ಚಿದವು. 1932ರಲ್ಲಿ ಅವರು ಪರಸ್ಥಳದಲ್ಲಿದ್ದಾಗ ಪತ್ನಿ ಹೆರಿಗೆಯಲ್ಲಿ ತೀರಿಕೊಂಡ ಸುದ್ದಿ ಬಂತು, ಮಗುವೂ ಉಳಿಯಲಿಲ್ಲ. ಕೈಹಿಡಿದು ನಡೆಸೆಂದು ದೇವರನ್ನು ಬೇಡುವ ಅವರ ಗೀತೆ ಆ ದುಃಖದಲ್ಲಿ ಹುಟ್ಟಿತು. ಮಟ್ಟಿಗೆ ಹಳೆಯ ಕೀರ್ತನೆಯೊಂದು ಆಧಾರವಾಯಿತು. 1968ರ ಏಪ್ರಿಲ್ 4ರಂದು ಗುಂಡೇಟಿಗೆ ಬಲಿಯಾಗುವ ಕೆಲವೇ ಕ್ಷಣಗಳ ಮುಂಚೆ ಮಾರ್ಟಿನ್ ಲೂಥರ್ ಕಿಂಗರು ಅಂದಿನ ಸಭೆಯಲ್ಲಿ ನುಡಿಸಬೇಕೆಂದು ಕೇಳಿಕೊಂಡದ್ದು ಇದೇ ಗೀತೆಯನ್ನು. ಡಾರ್ಸಿಯವರ ಇನ್ನೊಂದು ಗುಣವನ್ನು ನಾವು ಮೆಚ್ಚುತ್ತೇವೆ. ಅವರು ತಮ್ಮ ಗೀತೆಗಳನ್ನು ಒಂದು ಡಾಲರಿಗೆ ಮಾರಿಬಿಡಲಿಲ್ಲ. ತಾವೇ ಪ್ರಕಾಶನಸಂಸ್ಥೆಯನ್ನು ಸ್ಥಾಪಿಸಿ, ತಮ್ಮ ಹೆಸರಿನಲ್ಲಿಯೇ ಅಚ್ಚುಹಾಕಿಸಿ ಮಾರಿದರು. ಫ್ಯಾನಿ ಕ್ರಾಸ್ಬಿಯವರಿಗೆ ಸಲ್ಲದ ನ್ಯಾಯವನ್ನು ಅವರು ತಮ್ಮ ಕೈಯಾರೆ ಸಾಧಿಸಿಕೊಂಡರು.

ಪರಮತದ ಪರದೇಶದ ಹಾಡುಗಳ ಗೊಡವೆ ನಮಗೇಕೆಂದು ಕೆಲವು ಮಿತ್ರರು ಕೇಳಬಹುದು. ಪ್ರಶ್ನೆ ಅಸಂಗತವಲ್ಲ. ಗಣರಾಜ್ಯೋತ್ಸವದ ಕೊನೆಗೆ ಜನವರಿ 29ರಂದು ದೆಹಲಿಯಲ್ಲಿ ನಡೆಯುವ ಸೈನ್ಯದ ವಾದ್ಯಮೇಳದಲ್ಲಿ, ಗಾಂಧೀಜಿಯವರಿಗೆ ಪ್ರಿಯವಾಗಿದ್ದ ‘ಅಬೈಡ್ ವಿತ್ ಮಿ’ ಎಂಬ ಕೀರ್ತನೆಯನ್ನು ದಶಕಗಳ ಕಾಲ ನುಡಿಸುತ್ತಿದ್ದರು. 2022ರಲ್ಲಿ ಅದನ್ನು ಕೈಬಿಡಲಾಯಿತು. ರಾಷ್ಟ್ರದ ಉತ್ಸವದಲ್ಲಿ ಈ ದೇಶದ ಕವಿಗಳ, ಈ ದೇಶದ ರಾಗಗಳ ಧ್ವನಿ ಮೊದಲು ಕೇಳಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆ ಕೀರ್ತನೆಯನ್ನು ಆಳರಸರ ಅವಶೇಷವೆಂದು ಜರೆದವರಿಗೆ ಅದನ್ನು ಬರೆದವರ ಪರಿಚಯವಿದ್ದಂತೆ ಕಾಣಲಿಲ್ಲ. ಹೆನ್ರಿ ಫ್ರಾನ್ಸಿಸ್ ಲೈಟ್ ಎಂಬವರು ಬ್ರಿಕ್ಸ್‌ಹ್ಯಾಮಿನ ಬೆಸ್ತರ ನಡುವೆ ಪಾದ್ರಿಯಾಗಿದ್ದು, ಕ್ಷಯರೋಗದಿಂದ ಸವೆದು, 1847ರ ನವೆಂಬರಿನಲ್ಲಿ ನೀಸ್ ನಗರದಲ್ಲಿ ಸತ್ತರು. ಆ ಕಡೆಯ ವರ್ಷದ ಗೀತೆ ಅದು. ವಿಲಿಯಂ ಹೆನ್ರಿ ಮಂಕ್ ಅವರ ಮಟ್ಟು 1861ರಲ್ಲಿ ಅಚ್ಚಾಯಿತು. ಸಾಯುತ್ತಿರುವವನೊಬ್ಬ ಸಂಜೆಗತ್ತಲಲ್ಲಿ ದೇವರನ್ನು ಹತ್ತಿರವಿರೆಂದು ಬೇಡುವುದರಲ್ಲಿ ಸಾಮ್ರಾಜ್ಯವೆಲ್ಲಿದೆ?

ಸಾಮ್ರಾಜ್ಯದ ಗರ್ವ ತುಂಬಿದ ಕೀರ್ತನೆಗಳು ಇಲ್ಲವೆಂದಲ್ಲ. ಮುಂದೆ ಕಲ್ಕತ್ತೆಯ ಬಿಷಪ್ಪರಾಗಿ ಬಂದು 1826ರಲ್ಲಿ ತಿರುಚಿನಾಪಳ್ಳಿಯಲ್ಲಿ ತೀರಿಕೊಂಡ ರೆಜಿನಾಲ್ಡ್ ಹೀಬರರು 1819ರಲ್ಲಿ ಬರೆದ ಮಿಷನರಿ ಗೀತೆಯಲ್ಲಿ ಪೂರ್ವದೇಶದ ಜನರನ್ನು ಹೀನಾಯವಾಗಿ ಕಂಡಿದ್ದಾರೆ. ಗಾಂಧೀಜಿಯವರು 1925ರಲ್ಲಿ ಕಲ್ಕತ್ತೆಯಲ್ಲಿ ಮಿಷನರಿಗಳ ಮುಂದೆಯೇ ಅದನ್ನೆತ್ತಿ ಆಡಿ ಆಕ್ಷೇಪಿಸಿದರು. ಹಾಗಿದ್ದೂ ಅವರು ಐಸಾಕ್ ವಾಟ್ಸರ ಶಿಲುಬೆಯ ಕೀರ್ತನೆಯನ್ನೂ ನ್ಯೂಮನ್ನರ ಬೆಳಕಿನ ಪ್ರಾರ್ಥನೆಯನ್ನೂ ಕೈಬಿಡಲಿಲ್ಲ. ಕಾಳನ್ನು ಉಳಿಸಿ ಹೊಟ್ಟನ್ನು ತೂರುವುದು ಇದೇ. ಯಾರು ಬರೆದರೆಂದು ತಿಳಿದವನು ಮಾತ್ರ ಹೀಗೆ ವಿವೇಚಿಸಬಲ್ಲ. ತಿಳಿಯದವನು ಎಲ್ಲವನ್ನೂ ಹೊಗಳುತ್ತಾನೆ, ಇಲ್ಲವೆ ಎಲ್ಲವನ್ನೂ ತೆಗಳುತ್ತಾನೆ.

ನಮ್ಮ ನಾಡಿನಲ್ಲಿಯೂ ಈ ಪರಂಪರೆಗೆ ಒಂದು ಕವಲುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಮೊಗ್ಲಿಂಗ್, ವೈಗ್ಲೆ ಮುಂತಾದವರು ಕನ್ನಡದಲ್ಲಿ ಕ್ರೈಸ್ತಗೀತೆಗಳನ್ನು ರಚಿಸಿದರು. ನಿಘಂಟಿನಿಂದ ನಮಗೆಲ್ಲ ಗುರುಗಳಾದ ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹಾಡಿದರು. ಜರ್ಮನ್ ಮಟ್ಟಿಗೆ ಕನ್ನಡ ಪದಗಳನ್ನು ತುರುಕುವುದಕ್ಕಿಂತ ಈ ನೆಲದ ಲಯದಲ್ಲಿ ಹಾಡುವುದೇ ಮೇಲೆಂಬುದನ್ನು ಅವರು ಕಂಡುಕೊಂಡಿದ್ದರು. ನಿಘಂಟಿನ ಕಿಟ್ಟೆಲರನ್ನು ಬಲ್ಲ ನಾವು ಕವಿ ಕಿಟ್ಟೆಲರನ್ನು ಎಷ್ಟುಮಟ್ಟಿಗೆ ಬಲ್ಲೆವು?

ನಮ್ಮ ಮಾತು ಕ್ರೈಸ್ತರ ಕೀರ್ತನೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ದಾಸರ ಅಂಕಿತ ಉಳಿದರೂ ಅವರ ಮೂಲಮಟ್ಟುಗಳು ಬಹುಪಾಲು ಕಳೆದುಹೋದವು. ಇಂದು ದೇವರನಾಮಗಳಿಗೂ ಭಾವಗೀತಗಳಿಗೂ ಹೊಸದಾಗಿ ಮಟ್ಟು ಹಾಕುವವರ ಹೆಸರನ್ನು ಯಾರು ಬರೆದಿಡುತ್ತಿದ್ದಾರೆ? ಹಾಡಿದವನ ಭಾವಚಿತ್ರ ದೊಡ್ಡದಾಗಿರುತ್ತದೆ. ಕವಿಯ ಹೆಸರು ಸಣ್ಣದು. ಸ್ವರ ಹಾಕಿದವನ ಹೆಸರು ಇಲ್ಲವೇ ಇಲ್ಲ. ಕೈಯಲ್ಲಿನ ಫೋನಿನಿಂದ ಫೋನಿಗೆ ಹಾರುವ ಹಾಡುಗಳಿಗಂತೂ ಹೆತ್ತವರೇ ಇಲ್ಲದಂತಾಗಿದೆ.

ಆದಕಾರಣ ನಮ್ಮ ಸೂಚನೆಗಳು ಇಷ್ಟು. ವಿದ್ಯಾಇಲಾಖೆಯವರು ಶಾಲೆಗಳ ಪ್ರಾರ್ಥನಾಪುಸ್ತಕಗಳಲ್ಲಿ ಪ್ರತಿಯೊಂದು ಗೀತೆಯ ಕೆಳಗೂ ಕವಿಯ, ಅನುವಾದಕನ, ಮಟ್ಟು ಹಾಕಿದವನ ಹೆಸರುಗಳನ್ನೂ ವರ್ಷವನ್ನೂ ಅಚ್ಚುಮಾಡಿಸತಕ್ಕದ್ದು. ಉಪಾಧ್ಯಾಯರು ವಾರಕ್ಕೊಂದು ಸಲ ಐದು ನಿಮಿಷ ಆ ಗೀತೆಯ ಹುಟ್ಟನ್ನು, ಕಟ್ಟುಕಥೆ ಬೆರೆಸದೆ, ಮಕ್ಕಳಿಗೆ ತಿಳಿಸತಕ್ಕದ್ದು. ಆಕಾಶವಾಣಿಯವರೂ ಸಭೆಗಳ ವ್ಯವಸ್ಥಾಪಕರೂ ಗಾಯಕರೂ ಹಾಡುವ ಮೊದಲು ಈ ಹೆಸರುಗಳನ್ನು ಸಾರತಕ್ಕದ್ದು. ಪ್ರಕಾಶಕರು ಬದುಕಿರುವ ಗೀತಕಾರರಿಗೆ ಸಲ್ಲಬೇಕಾದ ಗೌರವಧನವನ್ನು, ಅವರು ಕೇಳದಿದ್ದರೂ, ಸಲ್ಲಿಸತಕ್ಕದ್ದು. ಇದಕ್ಕೆ ಹೊಸ ಶಾಸನ ಬೇಕಿಲ್ಲ, ದೊಡ್ಡ ವೆಚ್ಚವೂ ಇಲ್ಲ.

ಕುರುಡಿಯೊಬ್ಬಳು ತಾನು ಕಾಣದ ಬೆಳಕನ್ನು ಕುರಿತು ಹಾಡಿ ಲೋಕಕ್ಕೆ ಕೊಟ್ಟುಹೋದಳು. ಆಕೆಯ ಹೆಸರನ್ನು ಒಂದು 줄ಿನಷ್ಟು ಜಾಗದಲ್ಲಿ ಅಚ್ಚುಹಾಕಿಸುವುದು ಕಣ್ಣುಳ್ಳವರಾದ ನಮಗೆ ಭಾರವಾಗಬಾರದು.